ಮನೆ-ಒಂದು, ಮನೆ-ಎರಡು

ಹೆಂಡತಿ ಒಂದೇ ಮನೆಯಲ್ಲಿರಲಿ, ಬೇಡ ಅನ್ನಲ್ಲ. ಒಂದೇ ಆಫೀಸಿನಲ್ಲಿರಬಾರದು. ಒಂದೇ ವಿಭಾಗದಲ್ಲಂತೂ ಇರಲೇಕೂಡದು. ನನ್ನ ಹಣೆಬರಹ, ಮೂರೂ ಕೂಡಿಬಂದಿವೆ.

ನಮ್ಮ ವಿಭಾಗದ ಕೆಲಸ ಕಂಪನಿಯ ಲ್ಯಾಪ್‌ಟಾಪುಗಳನ್ನು ಸಿಸ್ಟಮ್ಮಿನಲ್ಲಿ ನೋಂದಾಯಿಸುವುದು. ನೋಂದಣಿ ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಮದರ್‌ಬೋರ್ಡ್ ಕೆಟ್ಟು ಹೊಸದು ಹಾಕಿಸಿದರೆ ಸಿಸ್ಟಮ್ಮಿಗೆ ಗುರುತೇ ಸಿಗುವುದಿಲ್ಲ. ಮುಂಚಿನ ನೋಂದಣಿ ಅಳಿಸಿ ಹೊಸದಾಗಿ ಸೇರಿಸಬೇಕು. ಈ ಘನ ನಿಯಮಾವಳಿಯ ಕರ್ತೃ ನಾನೇ.

ಮೊನ್ನೆ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಾಯಿತು. ಅರ್ಜಿ ಹಾಕಿದವರು ಇಬ್ಬರು, ನಾನು ಮತ್ತು ನನ್ನಾಕೆ. (ಹೊಟ್ಟೆಕಿಚ್ಚಾ ಅಂತ ಕೇಳಬೇಡಿ. ಹೌದು.) ಮಧ್ಯಾಹ್ನ ಇಬ್ಬರಿಗೂ ಮನೆಯಿಂದಲೇ, ಕಂಪನಿಯ ಲ್ಯಾಪ್‌ಟಾಪಿನಲ್ಲೇ ವಿಡಿಯೋ ಸಂದರ್ಶನ. ಬೆಳಿಗ್ಗೆ ಅವಳ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು. ರಿಪೇರಿಯವನು ಬಂದು ಬೋರ್ಡ್ ಬದಲಿಸಿ ಹೋದ.

"ನೋಂದಣಿ ನೀವು ಅಳಿಸ್ತೀರೋ, ಹೆಲ್ಪ್‌ಡೆಸ್ಕಿಗೆ ಹೇಳ್ಲೋ?"

"ಗಂಡ ಮನೇಲಿರುವಾಗ ಹೆಲ್ಪ್‌ಡೆಸ್ಕ್ ಯಾಕೆ?"

"ಹಾಗಾದ್ರೆ ಲ್ಯಾಪ್‌ಟಾಪ್ ಅಡಿಯ ಚೀಟೀಲಿರೋ ನಂಬರ್ ಓದ್ತೀನಿ, ತಾಳೆ ನೋಡಿ."

"ಆ ನಿಯಮ ಬರೆದೋನು ನಾನು. ನನಗೇ ಪಾಠ ಹೇಳ್ತೀಯಾ?"

ಪರದೆಯ ಮೇಲೆ ನಮ್ಮ ಮನೆಯ ಲ್ಯಾಪ್‌ಟಾಪುಗಳು ಎರಡಿದ್ದವು: ಮನೆ-ಒಂದು, ಮನೆ-ಎರಡು. ಒಂದು ಯಾರದು, ಎರಡು ಯಾರದು ಅಂತ ಯಜಮಾನ ಬೇರೆ ತಾಳೆ ನೋಡಬೇಕೇ? ಮನೆ-ಎರಡನ್ನು ಅಳಿಸಿದೆ.

ನನ್ನ ಲ್ಯಾಪ್‌ಟಾಪ್ ಒಮ್ಮೆ ಮಿಟುಕಿ, ಇದ್ದಬದ್ದದ್ದನ್ನೆಲ್ಲ ಗುಡಿಸಿ ಹಾಕಿ ಬೋಳಾಯಿತು. 'ನೋಂದಣಿ ಇಲ್ಲ. ನಿರ್ವಾಹಕರನ್ನು ಸಂಪರ್ಕಿಸಿ.' ನಿರ್ವಾಹಕ ನಾನೇ. ನನ್ನ ಸಂಪರ್ಕದಲ್ಲೇ ಇದ್ದೆ, ಏನು ಬಂತು?

"ಲ್ಯಾಪ್‌ಟಾಪ್ ಬಂದ ದಿನ ನೀವು ಮಲಗಿದ್ರಲ್ಲ," ಅಂದಳು. "ನಂದನ್ನ ಮೊದಲು ಸೇರಿಸಿದೆ. ಮನೆ-ಒಂದು ನಂದು."

ಅವಳು ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿ ನಂಬರ್ ಓದಿದಳು. ಅವಳ ಲ್ಯಾಪ್‌ಟಾಪ್ ಲಕಲಕ ಎದ್ದಿತು. ನಾನು ಫೋನ್ ಕಿತ್ತುಕೊಂಡೆ.

"ಸಾರ್, ಬೋರ್ಡ್ ಬದಲಾಗದೆ ಅಳಿಸಿದ್ದನ್ನ ವಾಪಸ್ ಸೇರಿಸೋಕೆ ಮುಖ್ಯಸ್ಥರ ಒಪ್ಪಿಗೆ ಬೇಕು," ಅಂದಿತು ಆ ಕಡೆಯ ದನಿ. "ನೀವೇ ಮಾಡಿದ ನಿಯಮ."

"ಮುಖ್ಯಸ್ಥರೇ ಇಲ್ವಲ್ಲಯ್ಯಾ!"

"ಯಾರಾದರೂ ಆಗಲಿ ಸಾರ್, ಆಮೇಲೆ ಮಾಡಿಕೊಡ್ತೀವಿ."

ಮುಖ್ಯಸ್ಥನಾಗಲು ಲ್ಯಾಪ್‌ಟಾಪ್ ಬೇಕು, ಲ್ಯಾಪ್‌ಟಾಪಿಗೆ ಮುಖ್ಯಸ್ಥ ಬೇಕು. ಮಾನ ಬಿಟ್ಟು ಅಡುಗೆಮನೆಗೆ ಹೋದೆ.

"ಅರ್ಧ ಗಂಟೆ ನಿನ್ನದು ಕೊಡೇ."

"ಒಬ್ಬರದ್ರಲ್ಲಿ ಇನ್ನೊಬ್ಬರು ಕೂರಬಾರದು ಅಂತ ಬರೆದಿರೋರು ಯಾರು?"

ಉತ್ತರ ನನಗೆ ಗೊತ್ತಿತ್ತು. ಅವಳ ಸಂದರ್ಶನ ಮುಗಿಯುವವರೆಗೆ ಬಾಗಿಲ ಹಿಂದೆ ನಿಂತಿದ್ದೆ. ಬೋರ್ಡ್ ಬದಲಾದಾಗ ಮೊದಲು ಏನು ಮಾಡ್ತೀರಿ ಅಂತ ಯಾರೋ ಕೇಳಿದರು. "ನಂಬರ್ ತಾಳೆ ನೋಡ್ತೀನಿ," ಅಂದಳು. "ನೋಡದಿದ್ರೆ ಏನಾಗುತ್ತೆ ಅಂತ ಇವತ್ತೇ ಕಣ್ಣಾರೆ ಕಂಡೆ." ಒಳಗೆ ನಗು ಕೇಳಿಸಿತು. ಇಷ್ಟು ವರ್ಷ ಆ ಕುರ್ಚಿಗಾಗಿ ಸವೆಸಿದ ಚಪ್ಪಲಿಗಳೆಲ್ಲ ನೆನಪಾದವು.

ಮರುದಿನ ಊಟದ ಮೇಜಿನ ಮೇಲೆ ನನ್ನ ಮರುನೋಂದಣಿ ಅರ್ಜಿ ಹೊಸ ಮುಖ್ಯಸ್ಥರ ಮುಂದಿಟ್ಟೆ. ಆಕೆ ಕನ್ನಡಕ ಏರಿಸಿ ಪೂರ್ತಿ ಓದಿದಳು.

"ಕಾರಣ ಅನ್ನೋ ಕಡೆ 'ತಾಂತ್ರಿಕ ದೋಷ' ಅಂತ ಹಾಕಿದ್ದೀರಿ. ನಿಜ ಬರ್ಕೊಂಡು ಬನ್ನಿ."

ಹೊಡೆದು ಹಾಕಿ ಬರೆದೆ: 'ಈ ಮನೆಯಲ್ಲಿ ಒಂದನೆಯವನು ನಾನು ಅಂದುಕೊಂಡಿದ್ದೆ.'

ಆಮೇಲೆ ಸಹಿ ಬಿತ್ತು.