ಒಂದೇ ಕಾರಿಗೆ ಎರಡು ಎಡ ಮಡ್‌ಗಾರ್ಡು

"ಅಮೀರನ ಬರಾತ್ ಬಾಡಿಗಿ ಗಾಡ್ಯಾಗ ಹೋಗೂದಿಲ್ಲ! ನಾ ಕೈಯಿಂದ ಮಾಡಿದ ಸ್ಪೋರ್ಟ್ಸ್ ಕಾರಿನ್ಯಾಗ ಹೋಗತೈತಿ!"

ಹೀಗೆಂದು ನಾನು ಗುಡುಗಿದ್ದು ೨೦೦೩ರ ಮಾರ್ಚಿನಲ್ಲಿ, ರಾಮದುರ್ಗದ ಮಾವನವರ ಮನೆಯಲ್ಲಿ, ಮದುವೆ ಮಾತುಕತೆಗೆ ಕುಳಿತಿದ್ದ ಹದಿನೆಂಟು ಮಂದಿಯ ಎದುರಿಗೆ. ಅಮೀರ್ ನನ್ನ ಹೆಂಡತಿಯ ತಮ್ಮ. ಅವನ ಮೆರವಣಿಗೆಗೆಂದು ಸವದತ್ತಿಯಿಂದ ಒಂದು ಬಿಳಿ ಕಾರನ್ನು ಗೊತ್ತು ಮಾಡಿದ್ದರು. ಅದನ್ನು ಕೇಳಿದ್ದೇ ತಡ, ನನಗೆ ಪಿತ್ತ ನೆತ್ತಿಗೇರಿತು. ಸ್ವಂತ ಅಳಿಯನ ಹಿತ್ತಲಿನಲ್ಲಿ ಎರಡು ವರ್ಷದಿಂದ ಒಂದು ಸ್ಪೋರ್ಟ್ಸ್ ಕಾರು ಹುಟ್ಟುತ್ತಿರುವಾಗ ಬಾಡಿಗೆ ಕಾರೇ?

ಹುಟ್ಟುತ್ತಿತ್ತು ಎಂದರೆ, ಎಲುಬು ಹುಟ್ಟಿತ್ತು. ಕೊಳವೆ ಬೆಸೆದ ಚಾಸಿ, ಗುಜರಿಯಿಂದ ತಂದ ಇಂಜಿನ್ನು, ನಾಲ್ಕು ಗಾಲಿ, ಎರಡು ಸೀಟು. ಓಡುತ್ತಿತ್ತು, ಒಮ್ಮೊಮ್ಮೆ ನಿಲ್ಲುತ್ತಲೂ ಇತ್ತು. ಚರ್ಮ ಒಂದೇ ಬಾಕಿ. ಆ ಚರ್ಮವನ್ನು ಅಲ್ಯುಮಿನಿಯಂ ತಗಡಿನಲ್ಲಿ, ಯಾವ ಯಂತ್ರವೂ ಇಲ್ಲದೆ, ಬಡಿದು ಬಡಿದೇ ರೂಪಿಸುವುದು ನನ್ನ ಸಂಕಲ್ಪ. ಸಾಲಹಳ್ಳಿಯ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಪ್ರಾಣಿ ನಾನು. ಡಿಪ್ಲೊಮಾದವರಿಗೆ ಇಂಜಿನಿಯರಿಂಗ್ ಡ್ರಾಯಿಂಗ್ ಕಲಿಸುವ ಮಾಸ್ತರ. ಪುಸ್ತಕದಲ್ಲಿರುವುದು ಕೈಗೆ ಬರದಿದ್ದರೆ ಓದಿ ಏನು ಸುಡುಗಾಡು ಸಾಧಿಸಿದಂತಾಯಿತು?

ಮಾವ ನಿಜಾಮಸಾಬರು ಮೀಸೆಯಲ್ಲೇ ನಕ್ಕರು. ಅವರದು ಪಾತ್ರೆಗೆ ಕಲಾಯಿ ಹಾಕುವ, ನೆಗ್ಗಿದ ಹಂಡೆ ಬೋಗುಣಿಗಳನ್ನು ಬಡಿದು ಸರಿಮಾಡುವ ಕಸುಬು. ಶಾಲೆಯ ಕಟ್ಟೆ ಹತ್ತಿದವರಲ್ಲ.

"ದಾಮಾದ್ ಸಾಹೇಬ್ರ, ನೀವು ಕಲತವರು. ಹಲಗಿ ಮ್ಯಾಲೆ ಬರೀರಿ. ತಗಡಿಗೆ ಕೈ ಹಚ್ಚಬ್ಯಾಡ್ರಿ, ಅದು ಯಾರ ಮಾತೂ ಕೇಳೂದಿಲ್ಲ."

ಕಲತವರು! ಆ ಶಬ್ದವನ್ನು ಅವರು ಹೇಗೆ ಅಂದರು ಗೊತ್ತೇ? ಡಾಕ್ಟರು ರೋಗಿಯ ಮನೆಯವರನ್ನು ಪಕ್ಕಕ್ಕೆ ಕರೆದು ರೋಗದ ಹೆಸರು ಹೇಳುತ್ತಾರಲ್ಲ, ಹಾಗೆ!

"ಮಾಮಾ, ಆ ಗಾಡಿ ಬ್ಯಾಡ ಅಂತ ಸವದತ್ತಿಗೆ ಫೋನ್ ಮಾಡ್ರಿ. ಈಗ! ನನ್ನ ಮುಂದ!"

ಅಳಿಯನ ಮಾತು, ತೆಗೆದುಹಾಕುವುದು ಹೇಗೆ? ಮಾಡಿದರು. ಅಮೀರನ ಮದುವೆ ಮೇ ತಿಂಗಳಲ್ಲಿ, ಆಗ ಇಡೀ ಜಿಲ್ಲೆಗೆ ಮದುವೆಯ ಹುಚ್ಚು. ಬಿಟ್ಟ ಕಾರನ್ನು ಐದೇ ನಿಮಿಷದಲ್ಲಿ ಬೇರೆಯವರು ಹಿಡಿದರು. ಇನ್ನು ನನ್ನ ಕಾರಿಗೆ ಮೈ ಬರದಿದ್ದರೆ, ಅಮೀರ್ ಊರ ಆ ತುದಿಯ ಹೆಣ್ಣಿನವರ ಮನೆಗೆ ಮುಖಕ್ಕೆ ಹೂವಿನ ಸೆಹರಾ ಕಟ್ಟಿಕೊಂಡು ಕಾಲ್ನಡಿಗೆಯಲ್ಲೇ ಹೋಗಬೇಕು.

ಶುರುವಾಯಿತು ಮಹಾಯಜ್ಞ! ಮರಳು ತುಂಬಿದ ಚೀಲದ ಮೇಲೆ ತಗಡು ಇಟ್ಟು ಮರದ ಕೊಡತಿಯಿಂದ ಹೊಡೆಯಬೇಕು. ಹೊಡೆದಷ್ಟೂ ತಗಡು ಉಬ್ಬುತ್ತದೆ, ಉಬ್ಬಿದಷ್ಟೂ ಗಡುಸಾಗುತ್ತದೆ. ಆಗ ಕಾಯಿಸಿ ಮೆತ್ತಗೆ ಮಾಡಬೇಕು. ಆದರೆ ಈ ಹಾಳು ಅಲ್ಯುಮಿನಿಯಂ ಕಾದರೂ ಕೆಂಪಾಗುವುದಿಲ್ಲ. ಈ ಗಳಿಗೆ ತೆಪ್ಪಗಿರುತ್ತದೆ, ಮರುಗಳಿಗೆ ಕರಗಿ ತೂತು! ಅದಕ್ಕೆ ಪುಸ್ತಕ ಹೇಳುತ್ತದೆ: ಮೊದಲು ಸಾಬೂನು ಬಳಿ, ಸಾಬೂನು ಕಪ್ಪಾದ ಕೂಡಲೇ ಉರಿ ತೆಗೆ.

"ನನ್ನ ಮೈಸಾಬೂನ ಎಲ್ಲೈತ್ರಿ?" ಬಚ್ಚಲಿನಿಂದ ಹೆಂಡತಿ ಫರೀನಳ ಕೂಗು.

"ಕಾರಿಗೆ ಹಚ್ಚೇನಿ!"

"ಕಾರಿಗೆ ಜಳಕಾ ಮಾಡಸಾಕತ್ತೀರೇನು? ನೀವು ಮಾಡಿ ಮೂರು ದಿನಾ ಆತು!"

ಅಷ್ಟರಲ್ಲಿ ಗೋಡೆಯ ಮೇಲೆ ನೆರೆಮನೆಯ ಗುರವ್ವನ ತಲೆ ಮೂಡಿತು.

"ಮಾಸ್ತರ್ರ, ನಿಮ್ಮ ಟಣಟಣಾ ಕೇಳಿ ನಮ್ಮ ಎಮ್ಮಿ ಹಾಲ ಏರಿಸಿಕೊಂಡು ನಿಂತೈತಿ. ಹಿಂಡೂ ಹೊತ್ನ್ಯಾಗರ ಸುಮ್ಮಿರ್ರಿ!"

"ನಿಮ್ಮ ಎಮ್ಮಿ ಟೈಮ್‌ಟೇಬಲ್ ನನಗೇನ ಗೊತ್ತೈತ್ರಿ?"

"ಗೊತ್ತಿಲ್ಲಂದ್ರ ನೀವ ಬಂದು ಹಿಂಡ್ರಿ!"

ಎಮ್ಮೆಯ ಮೇಲಿನ ಸಿಟ್ಟು, ಗುರವ್ವನ ಮೇಲಿನ ಸಿಟ್ಟು, ಮಾವನ ಮೀಸೆಯ ಮೇಲಿನ ಸಿಟ್ಟು, ಎಲ್ಲವನ್ನೂ ತಗಡಿನ ಮೇಲೆ ತೀರಿಸಿಕೊಂಡೆ. ಬಾನೆಟ್ಟು, ಬಾಗಿಲು, ಹಿಂಬದಿ ಹೇಗೋ ಆದವು. ಅವು ಬಹುಪಾಲು ಸಪಾಟು. ಮುಂದಿನ ಎರಡು ಮಡ್‌ಗಾರ್ಡುಗಳಲ್ಲಿ ಹೊಟ್ಟೆ ಇದೆ, ಸೊಂಟ ಇದೆ, ಕುತ್ತಿಗೆ ಇದೆ. ಎಡಗಡೆಯದಕ್ಕೇ ಹತ್ತೊಂಬತ್ತು ದಿನ ಹಿಡಿಯಿತು. ಆಮೇಲೆ ಅದನ್ನೇ ಮುಂದಿಟ್ಟುಕೊಂಡು ಬಲಗಡೆಯದು. ಅದೇ ಕಾಗದದ ನಮೂನೆ, ಅದೇ ಅಳತೆ. ಗೇಣು ಗೇಣಿಗೂ ದಾರ ಹಿಡಿದು ನೋಡಿದೆ. ನನ್ನಷ್ಟು ಶ್ರದ್ಧೆಯಿಂದ ತಾಜಮಹಲನ್ನೂ ಯಾರೂ ಕಟ್ಟಿರಲಿಕ್ಕಿಲ್ಲ!

ಮದುವೆಗೆ ಮೂರು ದಿನ ಇರುವಾಗ ಎರಡನೆಯದೂ ಮುಗಿಯಿತು. ಮೊದಲನೆಯದರ ಮೇಲೆ ಇಟ್ಟೆ. ಒಂದರೊಳಗೊಂದು ಕೂತವು, ಅಂಗಡಿಯಲ್ಲಿ ಜೋಡಿಸಿಟ್ಟ ಬೋಗುಣಿಗಳ ಹಾಗೆ! ನೂಲಿನಷ್ಟೂ ಸಂದಿಲ್ಲ. ಫರೀನಳನ್ನು ಕರೆದೆ. ಅವಳು ಮನೆಯಲ್ಲೇ ಓಣಿಯವರ ಜಂಪರು ಹೊಲಿಯುತ್ತಾಳೆ. ಮಷಿನ್ನಿನಿಂದ ಎದ್ದು ಬಂದಳು.

"ನೋಡು! ಎರಡರಾಗ ಏನರ ಫರಕ್ ಐತೇನು, ಹೇಳು!"

ಅವಳು ಬಾಯಲ್ಲಿದ್ದ ಗುಂಡುಪಿನ್ನು ತೆಗೆದಳು. "ಫರಕ್ ಇಲ್ಲಲ್ಲ, ಅದ ತ್ರಾಸ್. ಎರಡೂ ಎಡಗೈ ತೋಳ ಮಾಡೀರಿ."

"ಏನಂದಿ?"

"ಬಲಗಡೆ ಹಚ್ಚಿ ನೋಡ್ರಿ."

ಹಚ್ಚಿ ನೋಡಿದೆ. ಮೂತಿ ಮುಂದೆ ಮಾಡಿದರೆ ಹೊಟ್ಟೆ ಇಂಜಿನ್ನಿನ ಕಡೆಗೆ. ಹೊಟ್ಟೆ ಹೊರಗೆ ಮಾಡಿದರೆ ಮೂತಿ ಹಿಂದಕ್ಕೆ! ಬಲಗಾಲಿಗೆ ಎಡಗಾಲಿನ ಚಪ್ಪಲಿ! ಕನ್ನಡಿಯ ಬಿಂಬದಲ್ಲಿ ಎಡಬಲ ಅದಲುಬದಲಾಗುತ್ತದೆಂದು ಪ್ರತಿ ವರ್ಷ ಮೊದಲ ವಾರವೇ ಹಲಗೆಯ ಮೇಲೆ ಬರೆಯುವವನು ನಾನು!

"ತಗಡ ಮಾರಿದವ ಮೋಸಾ ಮಾಡ್ಯಾನ!" ಎಂದು ಕಿರುಚಿದೆ.

"ಯಾಕ್ರಿ, ಎಡಗಡೇದ ತಗಡ ಕೊಟ್ಟಾನೇನು?"

ಹುಬ್ಬಳ್ಳಿಗೆ ಫೋನ್ ಮಾಡಿದರೆ, ಆ ದಪ್ಪದ ತಗಡು ಬರಲು ಹದಿನೈದು ದಿನ ಎಂದರು. ಅದೇ ಹೊತ್ತಿಗೆ ಸೀಟಿನಲ್ಲಿ ಕೂತು ನೋಡಲೆಂದು ಅಮೀರ್ ಬಂದ. ಒಂದು ಕಡೆ ಮೈ, ಒಂದು ಕಡೆ ಎಲುಬು ನೋಡಿ ಅವನ ಮುಖ ಸಣ್ಣದಾಯಿತು.

"ಇರ್ಲಿ ಬಿಡ್ರಿ ಭಾಯ್. ನಡಕೋಂತನ ಹೋಗತೇನಿ. ಎಷ್ಟರ ದೂರ ಐತಿ?"

ಬೈದಿದ್ದರೆ ತಿರುಗಿ ಬೈಯಬಹುದಿತ್ತು! ಹೀಗೆ ಒಳ್ಳೆಯವನಾಗಿ ನಿಂತುಬಿಟ್ಟರೆ ಮನುಷ್ಯ ಸಿಟ್ಟನ್ನು ಎಲ್ಲಿ ಚೆಲ್ಲಬೇಕು? ಕೊಡತಿಯನ್ನು ಎತ್ತಿ ಬಿಸಾಡಿದೆ. ಅದು ಗೋಡೆಯಾಚೆ ಬಿತ್ತು. ಎಮ್ಮೆ ಅರಚಿತು. ಆಮೇಲೆ ಗುರವ್ವ ಅರಚಿದಳು.

ಫರೀನ್ ಮಾತ್ರ ಒಳಗೆ ಹೋಗಿ, ಹೊಲಿದಿಟ್ಟ ತೋಳೊಂದನ್ನು ತಂದಳು. "ಇದು ಎಡಗೈದು. ನೋಡ್ರಿ." ಒಳಗೆ ಕೈ ಹಾಕಿ ಸರಕ್ಕನೆ ಒಳಮಗ್ಗಲು ಹೊರಗೆ ಮಾಡಿದಳು. "ಈಗ ಬಲಗೈದು. ನಿದ್ದಿಗಣ್ಣಾಗ ಕತ್ತರಿಸಿ ಎಷ್ಟ ಸಲ ಹಿಂಗ ಪಾರಾಗೇನಿ. ಇದನ್ನೂ ಹೊಳ್ಳಿಸ್ರಿ."

"ಅದು ಅರಿಬಿ! ಇದು ಲೋಹ!"

"ನಮ್ಮ ಅಬ್ಬಾಗ ಲೋಹನೂ ಅರಿಬಿನ."

ಅವಳು ಹೇಳಿದ್ದು ಲೆಕ್ಕಕ್ಕೆ ಸರಿಯಾಗಿತ್ತು. ಸರಿಯಾಗಿದ್ದದ್ದಕ್ಕೇ ನನಗೆ ಇನ್ನಷ್ಟು ಉರಿಯಿತು! ಆದರೆ ಅಮೀರನ ಮುಖ ನೋಡಿ ಮಾವನವರಿಗೆ ಹೇಳಿಕಳಿಸಿದೆ.

ಮರುದಿನ ಬೆಳಿಗ್ಗೆ ಮಾವ ಬಂದರು. ಸಾಬೂನು ಕೇಳಲಿಲ್ಲ. ತಗಡು ಕಾಯಿಸುತ್ತ, ಒಲೆಯ ಒಂದು ಕಟ್ಟಿಗೆ ಚೂರಿನಿಂದ ಅದರ ಮೇಲೆ ಗೀರುತ್ತ ಹೋದರು. ಕಂದು ಗೆರೆ ಮೂಡಿ ಕಟ್ಟಿಗೆ ಜಾರತೊಡಗಿದ ಕೂಡಲೇ ಉರಿ ತೆಗೆದರು. ಮರಳಚೀಲದ ಮೇಲೆ ಬೋರಲು ಹಾಕಿ ಮೊಣಕಾಲಿನಿಂದ ಒತ್ತಿದರು. ನಾನು ದಿನಗಟ್ಟಲೆ ಉಬ್ಬಿಸಿದ ಹೊಟ್ಟೆ ಗುಳುಕ್ಕನೆ ಆ ಕಡೆಗೆ ಹೋಯಿತು! ಅಂಚು ಮಡಚುವುದು ಬಾಕಿಯಿದ್ದದ್ದೇ ಪುಣ್ಯ. ಮಧ್ಯಾಹ್ನದ ಜೋಹರ್ ನಮಾಜಿನ ಹೊತ್ತಿಗೆ ಅದು ಬಲಗಡೆಯದಾಗಿತ್ತು. ಇಳಿಹೊತ್ತಿನ ಅಸರ್ ನಮಾಜಿಗೆ ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದಿತ್ತು.

"ಎಡಗಡೇದರ ತಗ್ಗು ದಿನ್ನಿಗೂ ಒಂದೀಟು ಕೈಯಾಡಸ್ಲೇನ್ರಿ?" ಎಂದರು ಮಾವ, ಮೆಲ್ಲಗೆ.

"ಮುಟ್ಟಬ್ಯಾಡ್ರಿ!" ಎಂದೆ. "ಅದು ಸರಿ ಐತಿ! ಪುಸ್ತಕದ ಪ್ರಕಾರ ಐತಿ!"

ಮದುವೆಯ ದಿನ ಬಣ್ಣವಿಲ್ಲದ ನನ್ನ ಕಾರು ಬಿಸಿಲಿಗೆ ಬೆಳ್ಳಿಯಂತೆ ಹೊಳೆಯುತ್ತ ಹೊರಟಿತು. ಅಮೀರ್ ಸುಲ್ತಾನನ ಹಾಗೆ ಕೂತಿದ್ದ. ಬ್ಯಾಂಡಿನವರು ಮುಂದೆ, ನೆಂಟರು ಹಿಂದೆ, ಸ್ಟೇರಿಂಗಿನ ಹಿಂದೆ ನಾನು! ಕಾರು ಕೆಮ್ಮಲಿಲ್ಲ, ನಿಲ್ಲಲಿಲ್ಲ, ಹೆಣ್ಣಿನವರ ಬಾಗಿಲು ಮುಟ್ಟಿತು. ನಾನು ಎದೆ ಸೆಟೆಸಿ ಇಳಿದೆ.

ಹೆಣ್ಣಿನ ಚಿಕ್ಕಪ್ಪ ಇಕ್ಬಾಲ್ ಚಾಚಾ ಸವದತ್ತಿಯ ಲಾರಿ ಡ್ರೈವರು, ಬಾಗಿಲಿನಷ್ಟು ಅಗಲದ ಆಸಾಮಿ. ಬಲಮಗ್ಗಲಿಗೆ ಬಂದು ಮಡ್‌ಗಾರ್ಡು ಸವರಿ "ವಾಹ್! ರೇಶಿಮಿ!" ಎಂದರು. ಮೂತಿ ಬಳಸಿ ಎಡಮಗ್ಗಲಿಗೆ ಬಂದರು. ನಿಂತುಬಿಟ್ಟರು.

"ಯಾ ಅಲ್ಲಾ! ಹೊಸಾ ಗಾಡಿಗೆ ಯಾವನ್ರಿ ಹಾಯಿಸಿದಾಂವ? ಟ್ರ್ಯಾಕ್ಟರ್ ಏನು?"

ಹದಿನೆಂಟಲ್ಲ, ಇನ್ನೂರು ಮಂದಿ ನನ್ನತ್ತ ನೋಡಿದರು. ಮಾವ ಆಕಾಶ ನೋಡಿದರು.

"ಹೌ... ಹೌದ್ರಿ," ಎಂದೆ.

"ಹೆಸರ ಹೇಳ್ರಿ ಮಾಸ್ತರ!" ಚಾಚಾ ತೋಳು ಏರಿಸಿದರು. ಹಿಂದೆ ಇನ್ನೂ ನಾಲ್ವರು ಡ್ರೈವರುಗಳು ತೋಳು ಏರಿಸಿದರು. "ಊಟ ಆಮ್ಯಾಲೆ. ಮೊದಲ ಆ ಮಗನ ಕೈ ಮುರದ ಬರತೇನಿ!"

ನಾನು ಅವರ ಎರಡೂ ಕೈ ಹಿಡಿದುಕೊಂಡೆ. "ಹೋಗ್ಲಿ ಬಿಡ್ರಿ ಚಾಚಾ. ಪಾಪ, ಸಂಸಾರಸ್ಥ. ಬೇಕಂತ ಮಾಡಿಲ್ಲ."

"ಬೇಕಂತ ಮಾಡದ ಹಿಂಗ ಆಗತೈತೇನ್ರಿ? ಕುಡದಿದ್ನೇನು?"

"ಇಲ್ರೀ ಚಾಚಾ," ಎಂದಳು ಫರೀನ್. "ಓದಿದ್ದ."