ಪೆಟ್ಟಿ ಕೂಗುವ ಹೊತ್ತು

ಸರಿಯಾಗಿ ನಡೆಯುತ್ತಿರುವುದನ್ನು ಇನ್ನಷ್ಟು ಸರಿ ಮಾಡಲು ಹೋಗುವುದು ನನಗಿರುವ ಒಂದು ಚಟ. ಇದನ್ನು ಯಾರ ಬಳಿಯೂ ಹೇಳಿಕೊಂಡಿಲ್ಲ. ಹೇಳಿಕೊಳ್ಳುವ ಸ್ವಭಾವವೂ ನನ್ನದಲ್ಲ. ಏನು ಕೆಲಸ ಮಾಡುತ್ತೀ ಎಂದು ನೆಂಟರು ಕೇಳಿದರೆ 'ಕಂಪ್ಯೂಟರ್' ಎಂದಷ್ಟೇ ಹೇಳಿ, ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತೇನೆ. ತೇನಿಯ ಚಿಕ್ಕಮ್ಮ ಮಾತ್ರ ಒಮ್ಮೆ ಬಿಡದೆ ಅಡುಗೆಮನೆಗೇ ಹಿಂಬಾಲಿಸಿ ಬಂದು, "ಕಂಪ್ಯೂಟರ್‌ಲಿ ಏನೇ ಮಾಡ್ತೀಯೆ? ಟೈಪಾ?" ಎಂದರು. ಹೌದೆಂದೆ. ಸುಳ್ಳೇನೂ ಅಲ್ಲ.

ಇಲ್ಲಿ ಯಾರೂ ಎದುರಿಗಿಲ್ಲವಾದ್ದರಿಂದ ಪೂರ್ತಿ ಹೇಳುತ್ತೇನೆ. ಪ್ರತಿ ಕಂಪ್ಯೂಟರಿನ ತಳದಲ್ಲಿ ಕರ್ನೆಲ್ ಎಂಬ ಒಂದು ಪ್ರೋಗ್ರಾಂ ಇರುತ್ತದೆ. ಉಳಿದ ಪ್ರೋಗ್ರಾಂಗಳೆಲ್ಲ ತಮಗೆ ಬೇಕಾದ ಮೆಮೊರಿಯನ್ನು ಅದರಿಂದ ಕೇಳಿ ಪಡೆಯಬೇಕು, ಕೆಲಸವಾದ ಮೇಲೆ ಹಿಂದಿರುಗಿಸಬೇಕು. ಮದುವೆಗೆಂದು ಊರಿನ ಸಮುದಾಯದಿಂದ ದೊಡ್ಡ ಪಾತ್ರೆಗಳನ್ನು ತಂದು ಮರಳಿಸುವ ಹಾಗೆ. ಹೇಗೆ ಕೇಳಬೇಕು, ಹೇಗೆ ಮರಳಿಸಬೇಕು ಎಂಬ ಕಟ್ಟಳೆಗಳಲ್ಲಿ ಒಂದು ಸಣ್ಣ ಭಾಗ ನನ್ನ ಪಾಲಿನದು. ಅದರಲ್ಲಿ ಒಂದು ಹಳೆಯ ಕಟ್ಟಳೆ ನನ್ನ ಕಣ್ಣು ಚುಚ್ಚುತ್ತಿತ್ತು. ಎಷ್ಟು ಮರಳಿಸುತ್ತಿದ್ದೇನೆ ಎಂದು ಪ್ರೋಗ್ರಾಂ ತಾನೇ ಹೇಳಬೇಕು. ಹತ್ತು ಪಾತ್ರೆ ಒಯ್ದವನು ಎಂಟು ಎಂದು ತಪ್ಪಿ ಹೇಳಿದರೆ, ಕರ್ನೆಲ್ ಎಂಟನ್ನೇ ಒಳಗಿಟ್ಟು ಸುಮ್ಮನಾಗುತ್ತಿತ್ತು. ಮಿಕ್ಕ ಎರಡು ಯಾರಿಗೂ ಇಲ್ಲ. ಹೀಗೆ ಕಳೆದುಹೋಗುವುದಕ್ಕೆ ನಮ್ಮಲ್ಲಿ ಸೋರಿಕೆ ಎನ್ನುತ್ತಾರೆ. ಕೊಟ್ಟದ್ದೆಷ್ಟೆಂದು ಕರ್ನೆಲ್ಲೇ ನೆನಪಿಟ್ಟುಕೊಂಡು ಪೂರ್ತಿ ಹಿಂಪಡೆಯುವಂತೆ ನಾನು ಬದಲಾಯಿಸಿದೆ.

ಆದರೆ ಈ ಕೆಲಸದಲ್ಲಿ ಒಂದು ದೊಡ್ಡ ನಿಯಮವಿದೆ: ಏನು ಬೇಕಾದರೂ ಬದಲಾಯಿಸು, ಈಗಾಗಲೇ ಬಳಸುತ್ತಿರುವವರಿಗೆ ತೊಂದರೆಯಾಗಬಾರದು. ನಮ್ಮ ಬದಲಾವಣೆಗಳನ್ನೆಲ್ಲ ನೋಡಿ ಒಪ್ಪುವ ಹಿರಿಯರೊಬ್ಬರು ದೂರದೇಶದಲ್ಲಿದ್ದಾರೆ. ಹೆಚ್ಚು ಮಾತಿನವರಲ್ಲ, ಆ ಕಾರಣಕ್ಕೇ ನನಗೆ ಅವರ ಮೇಲೆ ಗೌರವ. ಅವರು ಒಂದೇ ಸಾಲು ಬರೆದರು: ಹಳೆಯ ರೀತಿಯನ್ನೇ ನಂಬಿಕೊಂಡವರು ಯಾರೂ ಇಲ್ಲವೆಂದು ಖಾತ್ರಿಯೇ? 'ಸೋರಿಕೆಯನ್ನು ನಂಬಿಕೊಂಡು ಯಾರೂ ಬದುಕುವುದಿಲ್ಲ' ಎಂದು ಉತ್ತರಿಸಿದೆ. ವಾಕ್ಯ ಚೆನ್ನಾಗಿ ಬಂದಿದೆ ಎನ್ನಿಸಿ ಇನ್ನೊಮ್ಮೆ ಓದಿಕೊಂಡೆ ಕೂಡ. ಅವರು ಅದಕ್ಕೆ ಮರುಳಾಗಲಿಲ್ಲ. ಯಾರಾದರೂ ದಿನವೂ ಬಳಸುವ ಯಂತ್ರದಲ್ಲಿ ಹಾಕಿ ನೋಡಿ ಎಂದರು.

ಅಂಥ ಯಂತ್ರ ನನಗೆ ಗೊತ್ತಿದ್ದದ್ದು ಒಂದೇ. ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ನಮ್ಮ ಮನೆಯಿಂದ ಕಾಲು ತಾಸಿನ ದಾರಿಯ ಕಾಮಯಗೌಂಡನ್‌ಪಟ್ಟಿಯಲ್ಲಿ ನನ್ನ ಮಾಮನ ದ್ರಾಕ್ಷಿ ತೋಟವಿದೆ. ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ಅಲ್ಲಿನ ಪಂಪ್‌ಸೆಟ್ ಕೋಣೆಯ ಗೋಡೆಗೆ ಒಂದು ಪುಟ್ಟ ಕಂಪ್ಯೂಟರ್ ಪೆಟ್ಟಿಗೆ ಹಾಕಿದ್ದೆ. ಮಣ್ಣಿನ ತೇವ ನೋಡಿ ಹನಿನೀರು ಬಿಡುವುದು ಅದರ ಕೆಲಸ. ಮನೆಯವರಿಗೆಲ್ಲ ಅದು 'ಪೆಟ್ಟಿ'. ಅದರ ಪ್ರೋಗ್ರಾಂ ಬರೆದವಳು ನಾನು. ಹತ್ತು ಒಯ್ದು ಎಂಟು ಎನ್ನುವ ತಪ್ಪನ್ನು ಅದರಲ್ಲಿ ಮಾಡಿದವಳೂ ನಾನೇ. ಬೆಳಿಗ್ಗೆ ಆರಕ್ಕೆ ಪಂಪಿನ ಕರೆಂಟ್ ಬಂದೊಡನೆ ಪೆಟ್ಟಿ ಏಳುತ್ತದೆ, ಸೋರುತ್ತಾ ಹೋಗಿ ಐದು ತಾಸಿನಲ್ಲಿ ಮೆಮೊರಿ ಮುಗಿಸುತ್ತದೆ, ಕರ್ನೆಲ್ ಪ್ರೋಗ್ರಾಮನ್ನು ನಿಲ್ಲಿಸುತ್ತದೆ, ಅದು ಮತ್ತೆ ಹೊಸದಾಗಿ ಶುರುವಾಗುತ್ತದೆ. ಶುರುವಾಗುವಾಗಲೆಲ್ಲ ಬಜರ್ ಸರಿಯಿದೆಯೇ ಎಂದು ಪರೀಕ್ಷಿಸಲು ಮೂರು ಸಲ ಉದ್ದಕ್ಕೆ ಕೂಗುತ್ತದೆ. ಆರರ ಕೂಗಿಗೆ ತೋಟದಲ್ಲಿ ಯಾರೂ ಇರುವುದಿಲ್ಲ. ಮಾಮ ದೂರು ಹೇಳದೇ ಇದ್ದುದರಿಂದ ನಾನೂ ತಿದ್ದಿರಲಿಲ್ಲ.

ಸೋಮವಾರ ಬೆಳಿಗ್ಗೆ ಆರಕ್ಕೇ ಹೋಗಿ ಹೊಸ ಕರ್ನೆಲ್ ಹಾಕಿ, ಮಧ್ಯಾಹ್ನದವರೆಗೆ ಅಲ್ಲೇ ಕುಳಿತೆ. ಹನ್ನೊಂದಾಯಿತು, ಪೆಟ್ಟಿ ಕೂಗಲಿಲ್ಲ. ಒಂದು ಹನಿ ಸೋರಿಕೆಯಿಲ್ಲ. ಹೊರಗೆ ಚಪ್ಪರದ ಕೆಳಗೆ ಗೊಂಚಲು ಬಿಡಿಸುತ್ತಿದ್ದ ಹೆಂಗಸರು ಮತ್ತೆ ಮತ್ತೆ ಪಂಪ್‌ಸೆಟ್ ಕೋಣೆಯ ಕಡೆಗೇ ನೋಡುತ್ತಿದ್ದರು. ನನ್ನ ಕೆಲಸದ ಬಗ್ಗೆ ಕುತೂಹಲವಿರಬೇಕು ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಎಂಟೂವರೆಗೆ ಮಾಮನ ಫೋನು.

"ಪಾಪ್ಪಾ, ಪೆಟ್ಟಿ ಕೂಗೋದೇ ಇಲ್ಲವೇ?"

"ಕೂಗಬಾರದು ಮಾಮಾ. ಸರಿ ಮಾಡಿದ್ದೀನಿ."

"ನೀ ಸರಿ ಮಾಡಿದ್ಕೆ ಹೆಂಗಸ್ರೆಲ್ಲ ಕತ್ರಿ ಕೆಳಗಿಟ್ಟು ಕೂತವ್ರೆ. ಮಧ್ಯಾನಕ್ಕೆ ಲಾರಿ ಬರ್ತದೆ, ಹಣ್ಣು ಇನ್ನೂ ಬಳ್ಳೀಲೇ ಅದೆ. ಸಟ್ನೆ ಬಾ."

ಹೋದಾಗ ತಿಳಿದದ್ದಿಷ್ಟು. ಪೆಟ್ಟಿ ಬರುವುದಕ್ಕೆ ಮೊದಲು ಟೀ ಹೊತ್ತಿಗೆ ದಿನವೂ ಜಗಳವಂತೆ. ಮಾಮನ ಕೈಗಡಿಯಾರ ಹಿಂದೆ, ಆಳುಗಳ ಮುಂದಾಳು ಪೇಚ್ಚಿಯಕ್ಕನ ಸೆಲ್‌ಫೋನ್ ಮುಂದೆ. ಆಮೇಲೆ ಪೆಟ್ಟಿ ಹನ್ನೊಂದರ ಆಸುಪಾಸಿಗೆ ಕೂಗತೊಡಗಿತು. ಅದು ಯಾರ ಪಕ್ಷವೂ ಅಲ್ಲವಾದ್ದರಿಂದ ಅದನ್ನೇ ಟೀ ಹೊತ್ತೆಂದು ಇಬ್ಬರೂ ಒಪ್ಪಿಕೊಂಡರು. ಏಕೆ ಕೂಗುತ್ತದೆ ಎಂದು ಯಾರೂ ಕೇಳಲಿಲ್ಲ, ಜಗಳ ನಿಂತಿತು. ಈಗ ಮೂರು ದಿನದಿಂದ ಮಾಮ 'ಪೆಟ್ಟಿ ಇನ್ನೂ ಕೂಗ್ಲಿಲ್ಲ' ಎಂದು ಪ್ರಾಮಾಣಿಕವಾಗಿ ಕಾದಿದ್ದಾರೆ. ತಾವೂ ಟೀ ಕುಡಿದಿಲ್ಲ.

ಪೇಚ್ಚಿಯಕ್ಕನ ಮನೆಮಾತು ತಮಿಳು. ಆದರೂ ನಮ್ಮ ಮನೆಯ ಕನ್ನಡವನ್ನು ನನಗಿಂತ ಸರಾಗವಾಗಿ ಆಡುತ್ತಾಳೆ; ನಾನು ಕೇಳಿಸಿಕೊಳ್ಳುವುದರಲ್ಲೇ ಹೆಚ್ಚು ನುರಿತವಳು.

"ಪೆಟ್ಟಿ ಬಾಯಿ ಕಟ್ಟಿದೋಳು ನೀನೇನಾ ತಾಯಿ?"

"ಕಟ್ಟಿಲ್ಲ ಅಕ್ಕಾ, ಒಂದು ತಪ್ಪಿತ್ತು, ತಿದ್ದಿದೆ. ಬೇಕಾದರೆ ಸರಿಯಾಗಿ ಹನ್ನೊಂದಕ್ಕೇ ಕೂಗೋ ಹಾಗೆ ಇಡ್ತೀನಿ."

"ಯಾರು ಇಡೋದು?"

"ನಾನೇ."

"ನೀ ಯಾರು? ತೋಟದ ಮೊದಲಾಳಿಯ ಅಕ್ಕನ ಮಗ್ಳು." ಅವಳು ಉಳಿದವರ ಕಡೆ ತಿರುಗಿದಳು. "ಇವತ್ತು ಹನ್ನೊಂದಕ್ಕೆ ಇಡ್ತಾಳೆ. ನಾಳೆ ಮಾಮ ಒಂದು ಫೋನ್ ಹಾಕಿದ್ರೆ ಹನ್ನೊಂದೂವರೆ. ಹಳೇದು ಯಾರ ಮಾತೂ ಕೇಳ್ತಿರ್ಲಿಲ್ಲ."

"ಕರೆಂಟ್ ಹೋಗಿ ಬಂದ್ರೂ ಕೂಗ್ತಿತ್ತಕ್ಕಾ," ಎಂದಳು ಹಿಂದಿನಿಂದ ಒಬ್ಬಳು, "ಅದ್ಕೂ ಒಂದು ಟೀ!" ಎಲ್ಲರೂ ನಕ್ಕರು.

ಮಾಮ ನನ್ನ ಪರವಾಗಿ ಏನಾದರೂ ಹೇಳುತ್ತಾರೆಂದು ನೋಡಿದೆ. "ಪೇಚ್ಚಿ ಹೇಳೋದು ಸರಿನೇ ಪಾಪ್ಪಾ. ನೀ ಇಟ್ರೆ ನಾನೇ ಇಡಿಸ್ದೆ ಅಂತಾರೆ. ದಿನಾ ಜಗಳ ಆಡೋಕೆ ನನ್ನಿಂದ ಆಗ್ದು. ಅದ್ರಷ್ಟಕ್ಕೆ ಅದು ಕೂಗ್ಲಿ, ಮೊದ್ಲಿನಂಗೆ ಮಾಡು." ಆ ತೋಟದಲ್ಲಿ ಮೊದಲಾಳಿಯೂ ಆಳುಗಳೂ ಒಂದೇ ಮಾತಿಗೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು, ಅದೂ ನನ್ನ ವಿರುದ್ಧ.

ಪಂಪ್‌ಸೆಟ್ ಕೋಣೆಗೆ ಹೋಗಿ ಹಳೆಯ ಕರ್ನೆಲ್ ಮರಳಿ ಹಾಕಿದೆ. ಪೆಟ್ಟಿ ಎದ್ದದ್ದೇ ಮೂರು ಸಲ ಉದ್ದಕ್ಕೆ ಕೂಗಿತು. ಆಗಿನ್ನೂ ಒಂಬತ್ತೂಕಾಲು. ಯಾರೂ ಗಡಿಯಾರ ನೋಡಲಿಲ್ಲ. ಪೇಚ್ಚಿಯಕ್ಕ ಟೀ ಕ್ಯಾನಿನ ಮುಚ್ಚಳ ತೆಗೆದಳು, ಮಾಮ ಮೊದಲ ಲೋಟಕ್ಕೆ ಕೈ ಚಾಚಿದರು. ನನಗೂ ಒಂದು ಬಂತು. ಟೀ ಮುಗಿಸಿ ಚಪ್ಪರದ ಕೆಳಗೆ ಹೋದವರು ಲಾರಿ ಬರುವುದರೊಳಗೆ ಹಣ್ಣೆಲ್ಲ ಇಳಿಸಿದರು.

ಮನೆಗೆ ಬಂದು ಎರಡು ವಾರ ಕುಳಿತು ಬದಲಾವಣೆಯನ್ನೇ ಬದಲಾಯಿಸಿದೆ. ಹಳೆಯ ರೀತಿಯಲ್ಲಿ ಕೇಳುವವರಿಗೆ ಹಳೆಯ ಕಟ್ಟಳೆಯೇ, ಸೋರಿಕೆಯೂ ಸೇರಿ. ಸರಿಯಾದದ್ದು ಬೇಕೆನ್ನುವವರಿಗೆ ಬೇರೆ ಹೆಸರಿನಲ್ಲಿ ಹೊಸದು. ಇಷ್ಟೊಂದು ಸುತ್ತು ಏಕೆಂದು ವಿವರಣೆಯಲ್ಲಿ ಬರೆಯಬೇಕಿತ್ತು. 'ಹತ್ತು ಹೆಂಗಸರು, ಒಬ್ಬ ಮಾಮ, ಟೀ' ಎಂದು ಬರೆದು ಅಳಿಸಿದೆ. ಮನೆಯ ವಿಷಯ ಲೋಕಕ್ಕೆಲ್ಲ ಏಕೆ? ಕೊನೆಗೆ, 'ಸೋರಿಕೆಯಿಂದ ಮೆಮೊರಿ ಮುಗಿಯುವ ಹೊತ್ತನ್ನೇ ನಂಬಿಕೊಂಡ ಬಳಕೆದಾರರಿದ್ದಾರೆ. ಸ್ವತಃ ಭೇಟಿಯಾಗಿದ್ದೇನೆ' ಎಂದು ಕಳಿಸಿದೆ.

ಹಿರಿಯರು ಮರುಪ್ರಶ್ನೆಯಿಲ್ಲದೆ ಒಪ್ಪಿದರು. ಕೊನೆಯಲ್ಲಿ ಮಾತ್ರ ಒಂದು ಸಾಲು: ಸೋರುವ ಆ ಪ್ರೋಗ್ರಾಂ ಬರೆದವರು ಯಾರೆಂದು ಪತ್ತೆಹಚ್ಚಿ, ತಪ್ಪನ್ನು ತಿದ್ದಿಕೊಳ್ಳುವಂತೆ ದಯವಿಟ್ಟು ಅವರಿಗೆ ತಿಳಿಸಿ.

ತಿಳಿಸಿದ್ದೇನೆ, ಆಕೆ ಒಪ್ಪುತ್ತಿಲ್ಲ, ಎಂದು ಉತ್ತರ ಬರೆದೆ.