ಮೂರು ಸೆಕೆಂಡು ಅಲುಗಾಡದ ಹೆಬ್ಬೆರಳು

ನರರೋಗ ವಿಭಾಗದ ಬಾಗಿಲಲ್ಲಿ ವಿರಾಜಮಾನರಾಗಿರುವ ಹೆಬ್ಬೆಟ್ಟಿನ ಯಂತ್ರ ಮಹಾಶಯರಿಗೆ,

ಮಾನ್ಯರೇ,

ತಮ್ಮ ಗಾಜಿನ ಮೈಗೆ ಗೀರು ಬೀಳದಿರಲಿ, ತಮ್ಮ ಹಸಿರು ದೀಪ ಆರದಿರಲಿ ಎಂದು ಹಾರೈಸುತ್ತಾ, ತಮ್ಮಿಂದ ತಿರಸ್ಕೃತರಾದ ಕ್ಷೌರಿಕರೊಬ್ಬರ ಹೆಂಡತಿಯಾದ ನಾನು ಸವಿನಯವಾಗಿ ಬರೆಯುವುದೇನೆಂದರೆ, ಏಳು ಜಿಲ್ಲೆಗಳಿಗೆ ಇರುವ ಒಬ್ಬರೇ ನರವೈದ್ಯರನ್ನು ಕಾಣಲು ತಮ್ಮ ಅಪ್ಪಣೆ ಬೇಕು, ಅಪ್ಪಣೆ ಸಿಗಲು ಹೆಬ್ಬೆರಳನ್ನು ತಮ್ಮ ಮೇಲೆ ಮೂರು ಸೆಕೆಂಡು ಅಲುಗಾಡಿಸದೆ ಇಡಬೇಕು. ನಡುಕದ ಕಾಯಿಲೆಯವರ ಬಾಗಿಲಿಗೆ ಇಂಥ ಕಾವಲುಗಾರರನ್ನು ಹುಡುಕಿ ತಂದವರ ಬುದ್ಧಿಗೆ ನಾನು ತಲೆದೂಗಿದ್ದೇನೆ.

ನನ್ನ ಯಜಮಾನರ ಬಲಗೈ ಎರಡು ವರ್ಷದಿಂದ ತನ್ನ ಪಾಡಿಗೆ ತಾನು ನಡುಗುತ್ತಿದೆ. ಮಾತ್ರೆ ನುಂಗಿದರೆ ಅರ್ಧ ದಿನ ಸುಮ್ಮನಿರುತ್ತಿತ್ತು, ಅಷ್ಟರಲ್ಲಿ ಅವರು ನಾಲ್ಕು ತಲೆ, ಎರಡು ಗಡ್ಡ ಮುಗಿಸುತ್ತಿದ್ದರು. ಮಾತ್ರೆ ಮುಗಿದಾಗ ತಮ್ಮ ಸನ್ನಿಧಿಗೆ ಬಂದೆವು. ಕೈ ನಿಲ್ಲಲು ಮಾತ್ರೆ ಬೇಕು, ಮಾತ್ರೆ ಸಿಗಲು ಕೈ ನಿಲ್ಲಬೇಕು ಎಂಬ ತಮ್ಮ ತರ್ಕ ನಮ್ಮಂಥ ದಡ್ಡರ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಮೂರು ಸಲ ಒತ್ತಿಸಿಕೊಂಡು ತಾವು ಪರದೆಯ ಮೇಲೆ 'ರೋಗಿ ಹಾಜರಿಲ್ಲ' ಎಂದು ಬರೆದಿರಿ. ಅವರು ಬಗ್ಗಿ, "ಇಲ್ಲೇ ಇದೀನಲ್ಲಪ್ಪಾ, ಕಾಣಿಸ್ತಿಲ್ವಾ?" ಎಂದು ತಮ್ಮನ್ನೇ ಕೇಳಿದರು. ತಾವು ದೊಡ್ಡವರು, ಮುಂದಿನವರನ್ನು ಕರೆದಿರಿ. ಮರುತಿಂಗಳು ಅವರ ಬೆರಳನ್ನು ನನ್ನ ಎರಡೂ ಕೈಯಲ್ಲಿ ಅದುಮಿ ಹಿಡಿದೆ. ನಾನೂ ಸೇರಿ ನಡುಗಿದ್ದಷ್ಟೇ ಬಂತು.

ಹಾಗೆಂದು ತಮ್ಮನ್ನು ಕಟುಕರೆನ್ನಲಾರೆ. ಸಾಲಿನಲ್ಲಿ ನಮ್ಮ ಹಿಂದಿದ್ದ ಅಜ್ಜಿಗೆ ಲಕ್ವ ಹೊಡೆದು ಬಲಗೈ ಸತ್ತಂತಾಗಿದೆ. ಸೊಸೆ ಅದನ್ನೆತ್ತಿ ತಮ್ಮ ಮೇಲಿಟ್ಟ ಕೂಡಲೇ ಹಸಿರು ದೀಪ ಹತ್ತಿತು. ವರ್ಷದಲ್ಲಿ ಆ ಕೈಯಿಂದ ಆದ ಮೊದಲ ಕೆಲಸ ಅದೇ ಇರಬೇಕು, ಅಜ್ಜಿ ನಮ್ಮತ್ತ ಭಾರೀ ಜಂಬದಿಂದ ನೋಡಿದರು. ಮೂರ್ಛೆ ರೋಗದ ಹುಡುಗಿಯೊಬ್ಬಳು ಮಾತ್ರ ಸಾಲಿನಲ್ಲೇ ಬಿದ್ದಳು, ಎಚ್ಚರವಾಗುವಷ್ಟರಲ್ಲಿ ಅವಳ ಸರದಿ ದಾಟಿ ಅವಳೂ ಗೈರುಹಾಜರಾಗಿದ್ದಳು.

ಮೂರು ತಿಂಗಳು ಹಾಜರಾಗದವರನ್ನು ತಾವು 'ಗುಣಮುಖ' ಎಂದು ಬರೆದುಕೊಳ್ಳುತ್ತೀರೆಂದು ನರ್ಸಮ್ಮ ಹೇಳಿದರು. ಮೂರನೆಯ ತಿಂಗಳೂ ಹಾಗೇ ಆಗಿ, ನನ್ನ ಯಜಮಾನರೂ ಆ ಪಟ್ಟಿ ಸೇರಿದ್ದಾರೆ. ಏಳು ಜಿಲ್ಲೆಗಳಲ್ಲಿ ನರರೋಗದ ಹೊರೆ ಅರ್ಧಕ್ಕೆ ಇಳಿದಿದೆ ಎಂಬ ವರದಿಯೂ ತಮ್ಮ ನೆತ್ತಿಯ ಮೇಲಿನ ಗೋಡೆಗೇರಿದೆ. ಇಳಿದ ಹೊರೆ ಎಲ್ಲಿಗೆ ಬಂತೆಂದು ನನಗೆ ಗೊತ್ತು, ಏಕೆಂದರೆ ದಿನಾ ಬೆಳಿಗ್ಗೆ ಅವರ ಅಂಗಿಗೆ ಗುಂಡಿ ಹಾಕುವವಳು ನಾನು. ಅಂಗಡಿಯ ಕುರ್ಚಿಯಲ್ಲಿ ಈಗ ಗಿರಾಕಿಗಳು ಕೂರುವುದಿಲ್ಲ; ಯಜಮಾನರೇ ಕೂತು ಕನ್ನಡಿ ನೋಡುತ್ತಿರುತ್ತಾರೆ. ನನಗೆ ಅದನ್ನು ನೋಡಲಾಗುವುದಿಲ್ಲ, ಸಿಟ್ಟು ಬರುತ್ತದೆ.

ಆದ್ದರಿಂದ ಮುಂದಿನ ತಿಂಗಳು ತಾವೂ ಅವರ ಕೈಯ ತಾಳಕ್ಕೆ ಸರಿಯಾಗಿ ಒಂದಿಷ್ಟು ನಡುಗಬೇಕೆಂದು ಕೋರುತ್ತೇನೆ. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಗುಣವಾಗಿದೆ ಎಂಬುದನ್ನು ಅವರ ಕೈಗಾದರೂ ತಾವೇ ತಿಳಿಸಿ. ಅದಕ್ಕಿನ್ನೂ ಸುದ್ದಿ ಮುಟ್ಟಿಲ್ಲ.

ತಮ್ಮ ವಿಶ್ವಾಸಿ,
ಗುಣಮುಖರೊಬ್ಬರ ಹೆಂಡತಿ

ತಾ.ಕ.: ವರದಿಗೆ ಸಹಿ ಹಾಕಿದ ಸಾಹೇಬರಿಗೂ ಇದರ ಪ್ರತಿ ಕಳಿಸಿದ್ದೇನೆ. ಗೋಡೆಯ ಫೋಟೋದಲ್ಲಿ ಅವರ ಗಡ್ಡ ಬೆಳೆದಿರುವುದು ಕಂಡಿತು. ದಾಖಲೆ ಪ್ರಕಾರ ನನ್ನ ಯಜಮಾನರ ಕೈಯಲ್ಲಿ ನಡುಕವಿಲ್ಲವಾದ್ದರಿಂದ, ಸಾಹೇಬರು ನಿಶ್ಚಿಂತೆಯಿಂದ ಬಂದು ನಮ್ಮ ಕುರ್ಚಿಯಲ್ಲಿ ಕತ್ತೆತ್ತಿ ಕೂರಬಹುದು. ಕ್ಷೌರದ ಕತ್ತಿ ಮಸೆದಿಟ್ಟಿದೆ. ಸಾಹೇಬರು ಮೂರು ಸೆಕೆಂಡು ಅಲುಗಾಡದಿದ್ದರೆ ಸಾಕು.